ಹಳದಿ ಗೆರೆಯ ಸದ್ದು

ಮಾರ್ಚ್ 3, ಸೋಮವಾರ

ಫ್ರಿಜ್ಜು ಮತ್ತೆ ಗುಂಯ್ ಎನ್ನಲು ಶುರು ಮಾಡಿದೆ. ಬೆಳಿಗ್ಗೆ ಪೇಪರ್ ಹಿಡಿದು ಕುಳಿತರೆ ಅದರದೇ ಕಾಟ. ರಿಪೇರಿಯವನಿಗೆ ಫೋನ್ ಮಾಡಿದೆ. "ಈ ವಾರದಲ್ಲೇ ಬರ್ತೀನಿ ಸಾರ್" ಅಂದ. ಯಾವ ವರ್ಷದ ವಾರ ಎಂದು ಹೇಳಲಿಲ್ಲ. ಮಗಳು ಹುಟ್ಟಿದ ವರ್ಷ ಕೊಂಡ ಫ್ರಿಜ್ಜು, ಇಪ್ಪತ್ತೇಳು ವರ್ಷವಾಯಿತು. ಹೊಸದು ತರೋಣ ಎಂದರೆ ಇವಳು, ನನ್ನ ಹೆಂಡತಿ, ಒಪ್ಪುವುದಿಲ್ಲ. "ತಣ್ಣಗೆ ಮಾಡತ್ತಲ್ಲ, ಇನ್ನೇನ್ ಬೇಕು? ಸದ್ದಿಲ್ದೆ ಕೆಲಸ ಮಾಡೋಳು ಈ ಮನೇಲಿ ನಾನೊಬ್ಬಳು ಇದೀನಲ್ಲ, ಸಾಲ್ದಾ?" ಅಂದಳು.

ರೇಡಿಯೊ ಕೇಂದ್ರದಲ್ಲಿ ಮುಖ್ಯಸ್ಥರು ಕರೆದು ಹೇಳಿದರು. ಹಳೆಯ ಕಟ್ಟಡವನ್ನು ತಿಂಗಳ ಕೊನೆಗೆ ಬಿಟ್ಟುಕೊಡಬೇಕು. ಮೂವತ್ತೊಂದರ ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟ್ ತೆಗೆಯುತ್ತಾರೆ. ಅಷ್ಟರೊಳಗೆ ನೆಲಮಾಳಿಗೆಯ ಒಂಬತ್ತನೇ ಕೋಣೆಯ ನಲವತ್ತೊಂದು ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡಬೇಕು. ಆಮೇಲೆ ಟೇಪು ಗುಜರಿಗೆ, ಯಂತ್ರ ಗುಜರಿಗೆ, ನಾನು ಮನೆಗೆ.

ಒಂಬತ್ತನೇ ಕೋಣೆ ಎಂದರೆ ಕತ್ತರಿ ಮೇಡಂ ಅವರ ಕೋಣೆ. ನಾನು ಕೆಲಸಕ್ಕೆ ಸೇರಿದಾಗ ಅವರು ಅಲ್ಲಿ ಕೂತು, ಕೊರಳಿಗೆ ಕತ್ತರಿ ನೇತುಹಾಕಿಕೊಂಡು, ಟೇಪನ್ನು ತುಂಡು ತುಂಡಾಗಿ ಕತ್ತರಿಸಿ ಅಂಟಿಸುತ್ತಿದ್ದರು. ವಾದ್ಯವಿಲ್ಲ, ಗಾಯಕರಿಲ್ಲ, ರಾಗವೂ ಇಲ್ಲ. ಕರೆಂಟಿನ ಯಂತ್ರಗಳಿಂದ ಹೊರಡಿಸಿದ ಸದ್ದನ್ನೇ ಸಂಗೀತ ಅನ್ನುತ್ತಿದ್ದರು. ನಾಟಕಕ್ಕೆ ಗಾಳಿಯ ಸದ್ದು ಬೇಕಾದರೆ ಎಲ್ಲರೂ ಅವರ ಬಳಿಗೆ ಓಡುತ್ತಿದ್ದರು, ಕೆಲಸ ಮುಗಿದ ಮೇಲೆ ಮೂಗು ಮುರಿಯುತ್ತಿದ್ದರು. ಮೂಗು ಮುರಿದವರಲ್ಲಿ ನಾನೂ ಒಬ್ಬ. ಈಗ ಅವರಿಗೆ ಎಂಬತ್ತೊಂದಂತೆ.

ಮಾರ್ಚ್ 5, ಬುಧವಾರ

ಟೇಪು ಬೇಯಿಸುತ್ತಿದ್ದೇನೆ. ಹಳೆಯ ಟೇಪಿನ ಅಂಟು ತೇವ ಹೀರಿಕೊಂಡು ಜಿಗುಟಾಗಿರುತ್ತದೆ. ಹಾಗೇ ಓಡಿಸಿದರೆ ಕಂದು ಪುಡಿಯೆಲ್ಲ ಕಿತ್ತುಬರುತ್ತದೆ, ಸದ್ದು ಇರುವುದೇ ಆ ಪುಡಿಯಲ್ಲಿ. ಅದಕ್ಕೆ ಸಣ್ಣ ಶಾಖದ ಪೆಟ್ಟಿಗೆಯಲ್ಲಿ ಎಂಟು ಗಂಟೆ ಇಡಬೇಕು. ಆಮೇಲೆ ಒಂದು ಸಲ ಓಡುತ್ತದೆ, ಅದೃಷ್ಟವಿದ್ದರೆ ಎರಡು ಸಲ. "ಮನೇಲಿ ಒಂದಿನ ಒಲೆ ಹಚ್ಚಿದೋರಲ್ಲ, ಅಲ್ಲಿ ದಿನಾ ಅಡುಗೆನಾ?" ಎಂದು ಇವಳು ಕೇಳಿದಳು.

ಓಡುವಾಗ ಸದ್ದು ನನ್ನ ಜರಡಿಯ ಮೂಲಕ ಹೋಗುತ್ತದೆ. ಜರಡಿ ನಾನೇ ಮಾಡಿದ ತಗಡಿನ ಡಬ್ಬ. ಟೇಪು ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಕೂತು, ಕರೆಂಟಿನಿಂದ ಹುಟ್ಟುವ ಗುಂಯ್ ಸದ್ದನ್ನು ಸೋಸಿ ಎಸೆಯುತ್ತದೆ. ಮೂವತ್ತು ವರ್ಷದಿಂದ ಅದನ್ನು ದಾಟದ ಸದ್ದು ಈ ಕೇಂದ್ರದಿಂದ ಹೊರಗೆ ಹೋಗಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದೇನು.

ಮಾರ್ಚ್ 9, ಭಾನುವಾರ

ಮಗಳು ಊಟಕ್ಕೆ ಬಂದಿದ್ದಳು. ಬಸ್ಸು, ಮನೆ ಬಾಡಿಗೆ, ಅವಳ ಗೆಳತಿಯ ನಾಯಿ, ಎಲ್ಲ ಮಾತಾಡಿದೆವು. ಸಂಗೀತದ ಮಾತು ಬರಲಿಲ್ಲ. ಎರಡು ವರ್ಷದಿಂದ ಬಂದಿಲ್ಲ.

ಅವಳು ನೃತ್ಯದ ಹಾಲುಗಳಲ್ಲಿ ನುಡಿಸುತ್ತಾಳೆ. ನುಡಿಸುವುದು ಎಂದರೆ ಕಂಪ್ಯೂಟರ್ ಮುಂದೆ ನಿಂತು ಢಬ್ ಢಬ್ ಎನಿಸುವುದು. ಮೊದಲ ಹಾಡು ಮಾಡಿದಾಗ ನನಗೆ ಕಳಿಸಿ "ಹೇಗಿದೆ ಅಪ್ಪ?" ಎಂದು ಕೇಳಿದ್ದಳು. ಕೆಳಗೆಲ್ಲ ದಪ್ಪನೆಯ ಗುಂಯ್ ತುಂಬಿತ್ತು. ಒಂದು ಇಡೀ ಭಾನುವಾರ ಕೂತು, ಜರಡಿಯಲ್ಲಿ ಸೋಸಿ, ತೊಳೆದಿಟ್ಟ ಗಾಜಿನ ಹಾಗೆ ಮಾಡಿ ವಾಪಸ್ ಕಳಿಸಿದೆ. ಅವಳು ಒಂದು ಥ್ಯಾಂಕ್ಸ್ ಕೂಡ ಹೇಳದೆ ಮುಖ ಊದಿಸಿಕೊಂಡಳು. ಉಪಕಾರಕ್ಕೆ ಕಾಲವಲ್ಲ.

ರಿಪೇರಿಯವನು ಬರಲಿಲ್ಲ.

ಮಾರ್ಚ್ 12, ಬುಧವಾರ

ಮೂವತ್ತನೆಯ ಟೇಪು ಮುಗಿಯಿತು. ಇದಕ್ಕೆ ಮಾತ್ರ ಬೇರೆಯದೇ ಡಬ್ಬ, ಮೇಲೆ ಮೇಡಂ ಅವರ ದುಂಡನೆಯ ಅಕ್ಷರ: "ಕಟ್ಟಡ. ಹನ್ನೊಂದು ನಿಮಿಷ. ಪ್ರತಿ ಇಲ್ಲ." ಬೇಯಿಸಿ, ಓಡಿಸಿ, ಇಳಿಸಿದೆ. ಟಿಕ್, ಟಿಕ್ಕಿಟಿಕ್, ಮತ್ತೆ ಮೌನ, ಮತ್ತೆ ಟಿಕ್. ಇಷ್ಟೇ. ಹನ್ನೊಂದು ನಿಮಿಷ ಇದೇ. ಇದಕ್ಕೆ ಆಗ ಸಂಬಳ ಕೊಟ್ಟಿದ್ದರು.

ಆದರೆ ಗುಂಯ್ ಎನ್ನುವುದು ಒಂದಿಷ್ಟೂ ಇಲ್ಲ. ಅಷ್ಟು ಶುಚಿ. ಕೇಳಲು ಬರುವಂತೆ ಮೇಡಂಗೆ ಫೋನ್ ಮಾಡಿದೆ.

ಮಾರ್ಚ್ 14, ಶುಕ್ರವಾರ

ಮೇಡಂ ಬಂದರು. ಕೋಲು ಹಿಡಿದು, ಆಟೋದವನ ಜೊತೆ ದಾರಿಯ ಬಗ್ಗೆ ಜಗಳವಾಡುತ್ತಲೇ ಇಳಿದರು. ಒಂಬತ್ತನೇ ಕೋಣೆಯ ಬಾಗಿಲಲ್ಲಿ ನಿಂತು ಗೋಡೆಯನ್ನು ಮುಟ್ಟಿದರು. ನಂತರ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು.

ಎರಡು ನಿಮಿಷಕ್ಕೆ ಕಣ್ಣು ತೆರೆದರು. ನಾಲ್ಕು ನಿಮಿಷಕ್ಕೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಇದು ಬರೀ ಅಂಟಿಸಿದ ಜಾಗ ಕಣಯ್ಯಾ. ಒಂದು ತುಂಡು ಮುಗಿದು ಇನ್ನೊಂದು ಶುರುವಾಗೋ ಕಡೆ ಟಿಕ್ ಅನ್ನತ್ತಲ್ಲ, ಅದು. ಹಾಡು ಎಲ್ಲಿ?"

"ಇಷ್ಟೇ ಇತ್ತು ಮೇಡಂ. ಗುಂಯ್ ಅಂತ ಬರ್ತಿತ್ತು, ಅದನ್ನ ತೆಗೆದೆ."

ಅವರು ನನ್ನ ಮುಖವನ್ನೇ ನೋಡಿದರು. ಬೈಯಬಹುದಿತ್ತು. ಬೈಯಲಿಲ್ಲ. "ಗುಂಯ್ ಅನ್ನೋದೇ ಹಾಡು. ಈ ಕಟ್ಟಡದ ಒಂದೊಂದು ಮೂಲೆಗೂ ಹೋಗಿ ಹಿಡಿದು ತಂದಿದ್ದೆ. ಅದಕ್ಕೇ ಕಟ್ಟಡ ಅಂತ ಹೆಸರು" ಅಂದು ನೀರು ಕೇಳಿದರು.

ನೀರು ತಂದುಕೊಟ್ಟು, "ಏನೂ ಯೋಚನೆ ಮಾಡ್ಬೇಡಿ ಮೇಡಂ, ಟೇಪು ಗಟ್ಟಿಯಾಗಿದೆ, ಇನ್ನೊಂದ್ಸಲ ಓಡಿಸ್ತೀನಿ" ಅಂದೆ. ಗಟ್ಟಿಯಾಗಿದೆ ಎಂದು ಯಾಕೆ ಅಂದೆನೋ ಗೊತ್ತಿಲ್ಲ.

ಮಾರ್ಚ್ 15, ಶನಿವಾರ

ಮತ್ತೆ ಬೇಯಿಸಿ ಜರಡಿ ಇಲ್ಲದೆ ಓಡಿಸಿದೆ. ಹತ್ತೇ ಸೆಕೆಂಡು ಗುಂಯ್ ಕೇಳಿಸಿತು. ಅದರ ಕೆಳಗೆ ಇನ್ನೊಂದು ಇತ್ತು, ಸ್ವಲ್ಪ ಏರಿದ್ದು, ಎರಡೂ ಒಂದನ್ನೊಂದು ಹುಡುಕುತ್ತಿದ್ದವು. ಆಮೇಲೆ ಟೇಪು ಕಿರ್ರೆಂದು ಹಿಡಿದುಕೊಂಡಿತು. ಯಂತ್ರ ನಿಲ್ಲಿಸುವಷ್ಟರಲ್ಲಿ ಪುಡಿಯೆಲ್ಲ ಉದುರಿ, ಆಚೆ ಬದಿ ಕಾಣುವಂಥ ಬೋಳು ಪಟ್ಟಿ ಮಾತ್ರ ಉಳಿಯಿತು. ಮುಂದಿನ ಸುತ್ತನ್ನು ಕೈಯಲ್ಲಿ ಬಿಚ್ಚಿ ನೋಡಿದೆ, ಅದೂ ಹಾಗೆಯೇ ಕಿತ್ತುಬಂತು.

ಬಟ್ಟೆಯಲ್ಲಿ ಪುಡಿ ಒರೆಸಿದೆ. ನನ್ನ ಕೈಯೆಲ್ಲ ಕಂದು.

ಮಾರ್ಚ್ 16, ಭಾನುವಾರ

ಬರೆಯಲು ಏನೂ ಇಲ್ಲ.

ಮಾರ್ಚ್ 18, ಮಂಗಳವಾರ

ಮೇಡಂ ಫೋನ್ ಮಾಡಿದ್ದರು. "ಇನ್ನೂ ಬೇಯ್ತಾ ಇದೆ" ಅಂದೆ. ಫೋನ್ ಇಟ್ಟ ಮೇಲೆ ಒಂದು ಗಂಟೆ ಯಾವ ಕೆಲಸಕ್ಕೂ ಕೈ ಏಳಲಿಲ್ಲ.

ಮಾರ್ಚ್ 20, ಗುರುವಾರ

ಇವಳ ಮುಂದೆ ಬಾಯಿ ಬಿಟ್ಟೆ. ಮುಚ್ಚಿಟ್ಟರೂ ಅವಳಿಗೆ ಗೊತ್ತಾಗುತ್ತದೆ, ಎರಡು ದಿನದಿಂದ ನಾನು ಫ್ರಿಜ್ಜನ್ನು ಬೈದಿರಲಿಲ್ಲವಂತೆ.

ಪೂರ್ತಿ ಕೇಳಿ, "ಮಗಳ ಹಾಡಿಗೂ ಹೀಗೇ ತಾನೇ ಮಾಡಿದ್ದು?" ಅಂದಳು.

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅವಳು ಸೊಪ್ಪು ಬಿಡಿಸುತ್ತಾ, "ಅವತ್ತು ಅವಳು ಬಂದು ನನ್ನ ಹತ್ರ ಅತ್ತಳು ಕಣ್ರೀ. ಅಪ್ಪ ನನ್ನ ಹಾಡಿಂದ ಹಾಡನ್ನೇ ತೆಗೆದುಬಿಟ್ರು ಅಂದ್ಲು. ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸಿದ್ಲು. ಇವತ್ತು ಆಣೆ ಮುರಿದೆ" ಅಂದಳು.

ಎರಡು ವರ್ಷ. ಎದುರಿಗೇ ಕೂತು ಊಟ ಮಾಡಿದ್ದಾಳೆ.

ಮಗಳಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ, ಚೀಟಿ ಎಲ್ಲೋ ಹೋಯಿತು. "ನಾನೊಂದು ದೊಡ್ಡ ತಪ್ಪು ಮಾಡಿದೀನಿ, ಎರಡು ಸಲ ಮಾಡಿದೀನಿ" ಅಂದೆ. "ನಾಳೆ ಆಫೀಸಿಗೆ ಬರ್ಲಾ?" ಎಂದು ಕೇಳಿದಳು.

ಮಾರ್ಚ್ 21, ಶುಕ್ರವಾರ

ಬಂದಳು. ಆ ಟಿಕ್ ಟಿಕ್ ಹಾಕಿ ಕೇಳಿಸಿದೆ. ಮೊದಲು ಗಲ್ಲಕ್ಕೆ ಕೈಯಿಟ್ಟು ಕೂತಿದ್ದಳು. ಏಳನೇ ನಿಮಿಷಕ್ಕೆ ಬೆರಳು ಮೇಜಿನ ಮೇಲೆ ಆಡತೊಡಗಿತು. ಮರುಗಳಿಗೆ ಕುರ್ಚಿಯಿಂದ ಎದ್ದೇಬಿಟ್ಟಳು.

"ಅಪ್ಪ, ಇದು ಹವಾಮಾನದ ಬಡಿತ."

ಏನದು ಎಂದೆ. ನೃತ್ಯದ ಹಾಲುಗಳಲ್ಲಿ ಎಲ್ಲರೂ ಬಳಸುವ ಒಂದು ತಾಳವಂತೆ. ಮೊದಲು ಯಾರೋ ರೇಡಿಯೊದಲ್ಲಿ ಹವಾಮಾನ ವರದಿಗೆ ಮುಂಚೆ ಬರುತ್ತಿದ್ದ ಏಳು ಸೆಕೆಂಡಿನ ಸದ್ದನ್ನು ಕ್ಯಾಸೆಟ್ಟಿಗೆ ಹಿಡಿದು, ಅದನ್ನೇ ಸುತ್ತಿಸುತ್ತಾ ಕುಣಿಸಿದರಂತೆ. ಅವರನ್ನು ಕೇಳಿದವರು ಅದನ್ನೇ ಡ್ರಮ್ ಯಂತ್ರದಲ್ಲಿ ಬಾರಿಸಿದರು. ಅವರ ನಂತರದವರು ನಿಧಾನ ಮಾಡಿ ಅದರ ಮೇಲೆ ಹಾಡಿದರು. ಮಗಳು ಮತ್ತು ಅವಳ ಜೊತೆಯವರು ಅದನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ, ಕುಗ್ಗಿಸಿ, ತಲೆಕೆಳಗು ಮಾಡಿ ನುಡಿಸುತ್ತಾರೆ.

"ಮಾಡಿದ್ದು ಯಾರು ಅಂತ ಯಾರಿಗೂ ಗೊತ್ತಿಲ್ಲ ಅಪ್ಪ. ಅದರ ಮೇಲೆ ಹಾಲಲ್ಲಿ ಜಗಳಾನೇ ಆಗತ್ತೆ."

ನನಗೆ ಗೊತ್ತಿತ್ತು. ಹವಾಮಾನ ವರದಿಗೆ ಮುಂಚೆ ಆ ತುಣುಕನ್ನು ಹನ್ನೆರಡು ವರ್ಷ ದಿನಾ ಹಾಕಿದವನು ನಾನೇ. ಮೇಡಂ ತಮ್ಮ ದೊಡ್ಡ ಟೇಪಿನಿಂದ ಕತ್ತರಿಸಿ ಕೊಟ್ಟದ್ದು ಎಂದು ರಿಜಿಸ್ಟರಿನಲ್ಲಿ ಬರೆದಿತ್ತು. ಅದನ್ನು ಸಂಗೀತ ಎಂದು ಯಾರಾದರೂ ಕೇಳುತ್ತಾರೆಂದು ನನಗೆ ಹೊಳೆದಿರಲಿಲ್ಲ, ಅಷ್ಟೇ.

ಹೊರಡುವಾಗ ಅವಳು, "ಮೇಡಂಗೆ ಹೇಳಿಬಿಡು ಅಪ್ಪ. ನಾನೂ ಬರ್ತೀನಿ" ಅಂದಳು.

ಮಾರ್ಚ್ 23, ಭಾನುವಾರ

ಮೇಡಂ ಮನೆಗೆ ಹೋದೆವು. ಮೂರನೇ ಮಹಡಿ, ಎರಡು ಕೋಣೆ, ಕಿಟಕಿಯ ತುಂಬ ಕುಂಡಗಳು. ಕೂರುವ ಮೊದಲೇ ಹೇಳಿಬಿಟ್ಟೆ: ಟೇಪು ಹೋಯಿತು, ನಾನೇ ಹಾಳು ಮಾಡಿದೆ, ಐದು ದಿನದ ಹಿಂದೆ ನಿಮಗೆ ಸುಳ್ಳು ಹೇಳಿದೆ. ಅರವತ್ತರ ಹತ್ತಿರ ಬಂದವನು ಮಗಳ ಮುಂದೆ ಅಳಬಾರದು ಎಂದು ಚಾವಣಿ ನೋಡಿದೆ.

ಮೇಡಂ ಕಿಟಕಿಯ ಕುಂಡದಿಂದ ಒಂದು ಒಣ ಎಲೆ ಕಿತ್ತರು. "ಸಾಯೋ ಮೊದ್ಲು ಒಂದ್ಸಲ ಕೇಳ್ಬೇಕು ಅಂತಿತ್ತು. ಬಿಡು" ಅಂದರು. ಆ "ಬಿಡು" ಕೇಳುವುದಕ್ಕಿಂತ ನಾಲ್ಕು ಏಟು ತಿನ್ನುವುದು ವಾಸಿಯಿತ್ತು.

ಆಗ ಮಗಳು, "ಅಜ್ಜಿ, ಅದನ್ನ ಮಾಡುವಾಗ ಏನಾದ್ರೂ ಬರೆದಿಟ್ಕೊಂಡಿದ್ರಾ?" ಎಂದು ಕೇಳಿದಳು. ಅಜ್ಜಿ ಎಂದದ್ದು ಅವರಿಗೆ ಹಿಡಿಸಲಿಲ್ಲ, ಆದರೂ ಎದ್ದು ಬೀರು ತೆರೆದರು. ಮಡಿಸಿಟ್ಟ ಚೌಕಳಿ ಕಾಗದ. ಹಾಸಿದರೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ. ಅದರ ಮೇಲೆ ನಾಲ್ಕು ಬಣ್ಣದ ಪೆನ್ಸಿಲ್ ಗೆರೆಗಳು. ಕೆಂಪು ಎಂದರೆ ಟ್ರಾನ್ಸ್‌ಫಾರ್ಮರ್, ನೀಲಿ ಲಿಫ್ಟು, ಹಸಿರು ಕಾರಿಡಾರಿನ ಟ್ಯೂಬ್‌ಲೈಟು, ಹಳದಿ ಕ್ಯಾಂಟೀನಿನ ಫ್ರಿಜ್ಜು. ಯಾವ ಸದ್ದು ಯಾವಾಗ ಬರಬೇಕು, ಎಷ್ಟು ಉದ್ದ ಬರಬೇಕು, ಎಲ್ಲ ಇದೆ. ಆದರೆ ಉದ್ದವನ್ನು ಬರೆದದ್ದು ಗೇಣು ಮತ್ತು ಬೆರಳಿನಲ್ಲಿ. "ಎರಡು ಗೇಣು, ನಾಲ್ಕು ಬೆರಳು." ಸ್ಕೇಲು ಹಿಡಿದರೆ ಕೆಲಸ ನಿಧಾನ ಎಂದು ಟೇಪನ್ನು ಕೈಯಲ್ಲೇ ಅಳೆದು ಕತ್ತರಿಸುತ್ತಿದ್ದರಂತೆ.

ಮಗಳು ಅವರ ಕೈಯನ್ನು ಕಾಗದದ ಮೇಲಿಟ್ಟು ಅಳೆಯಲು ನೋಡಿದಳು. ಮೇಡಂ ನಕ್ಕರು. ಬೆರಳು ಸೊಟ್ಟಗಾಗಿವೆ, ಗೇಣು ಬಿಚ್ಚುವುದೇ ಇಲ್ಲ. "ಆ ಕೈ ಐವತ್ತು ವರ್ಷದ ಹಿಂದಿನದು" ಅಂದರು.

ನಂತರ ಮಗಳು ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಆ ಕೈ ನಿನ್ ಹತ್ರ ಇದೆ ಅಪ್ಪ. ಟಿಕ್ ಟಿಕ್. ಒಂದೊಂದು ತುಂಡು ಎಲ್ಲಿ ಶುರು, ಎಲ್ಲಿ ಮುಗಿಯತ್ತೆ ಅನ್ನೋದು ಪೂರ್ತಿ ಅದರಲ್ಲಿದೆ. ನೀನು ಹಾಡು ಎಸೆದು ಅಳತೆ ಉಳಿಸಿದೀಯ."

ಅಳತೆ ಇದೆ, ಬಣ್ಣದ ಕಾಗದ ಇದೆ. ಬೇಕಾಗಿರುವುದು ಸದ್ದು. ಅದು ಇನ್ನೂ ಆ ಕಟ್ಟಡದಲ್ಲೇ ಇದೆ, ಎಂಟು ದಿನ.

ಮಾರ್ಚ್ 26, ಬುಧವಾರ

ಟ್ರಾನ್ಸ್‌ಫಾರ್ಮರ್ ಆಯಿತು. ಎಲೆಕ್ಟ್ರಿಷಿಯನ್ ಬೀಗ ತೆಗೆದುಕೊಟ್ಟ. "ಸಾರ್, ನೀವೇ ಹತ್ತು ವರ್ಷ ಈ ಸದ್ದಿನ ಮೇಲೆ ಕಂಪ್ಲೇಂಟ್ ಬರೆದೋರು" ಎಂದು ನೆನಪಿಸಿದ. ಬಾಯಿ ಮುಚ್ಚಿಕೊಂಡು ಮೈಕ್ ಹಿಡಿ ಎಂದೆ. ಹಿಡಿದ. ಸಂಜೆ ಐದಕ್ಕೆ ಆಫೀಸು ಬಿಟ್ಟು ಕರೆಂಟಿನ ಲೋಡು ಇಳಿದಾಗ ಗುಂಯ್ ಸ್ವಲ್ಪ ತೆಳ್ಳಗಾಗುತ್ತದೆ, ಕಿಟಕಿಯ ಗಾಜು ಅದಕ್ಕೆ ಜೊತೆಗೂಡುತ್ತದೆ. ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದೆ.

ಹಸಿರಿಗೆ ಕಾರಿಡಾರಿನ ಹದಿನೇಳು ಟ್ಯೂಬ್‌ಲೈಟುಗಳನ್ನೂ ಕೇಳಿ ನೋಡಿದೆವು. ಒಂದೊಂದರದೂ ಬೇರೆ. ಲೆಕ್ಕದ ವಿಭಾಗದ ಮುಂದಿನದು ಚೆನ್ನಾಗಿದೆ. ಮಗಳು ಸ್ಟೂಲಿನ ಮೇಲೆ ಹತ್ತಿ ಹಿಡಿದಳು, ನಾನು ಸ್ಟೂಲು ಹಿಡಿದೆ.

ಉಳಿದ ಹನ್ನೊಂದು ಟೇಪುಗಳನ್ನು ಜರಡಿ ಇಲ್ಲದೆ ಇಳಿಸುತ್ತಿದ್ದೇನೆ. ಕೆಲಸ ಬೇಗ ಆಗುತ್ತದೆ ಎಂದು.

ಮಾರ್ಚ್ 28, ಶುಕ್ರವಾರ

ಲಿಫ್ಟು ಹಳೆಯದಲ್ಲ, ನಡುವೆ ಬದಲಾಗಿದೆ. ಮೇಡಂಗೆ ಫೋನಿನಲ್ಲಿ ಹೇಳಿದರೆ, "ಹಳೇದು ಸತ್ತಿದ್ರೆ ಹೊಸದು ಹಾಡ್ಲಿ. ಮ್ಯೂಸಿಯಂ ಮಾಡೋಕೆ ಹೊರಟಿದೀರಾ?" ಅಂದರು.

ಹಳದಿ ಇಲ್ಲ. ಕ್ಯಾಂಟೀನಿನ ಫ್ರಿಜ್ಜು ಯಾವಾಗಲೋ ಗುಜರಿಗೆ ಹೋಯಿತು. ಈಗಿನದು ಸದ್ದೇ ಮಾಡುವುದಿಲ್ಲ, ಕಿವಿ ಒತ್ತಿದರೂ ಇಲ್ಲ. ಕಾಗದದಲ್ಲಿ ಮೊದಲಿಂದ ಕೊನೆಯವರೆಗೆ ಕಡಿಯದೆ ಹೋಗುವ ಗೆರೆ ಹಳದಿ ಒಂದೇ. ಅದಿಲ್ಲದಿದ್ದರೆ ಉಳಿದ ಮೂರಕ್ಕೂ ನಿಲ್ಲಲು ನೆಲವಿಲ್ಲ ಎನ್ನುತ್ತಾಳೆ ಮಗಳು.

ಎರಡು ಅಂಗಡಿ ಸುತ್ತಿದೆವು. ಎಲ್ಲ ಹೊಸ ಮಾಲು, ಎಲ್ಲ ಮೂಕ.

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಮಗಳು ಬಂದಳು. ನಾನು ಪೇಪರ್ ಹಿಡಿದು, ಸದ್ದು ಮಾಡುವ ಫ್ರಿಜ್ಜನ್ನು ಇನ್ನೆಲ್ಲಿ ಹುಡುಕುವುದು ಎಂದು ಗೊಣಗುತ್ತಿದ್ದೆ. ಇವಳು ಲೋಟ ಇಟ್ಟು, ಅಡುಗೆಮನೆಯ ಕಡೆ ಕೈ ತೋರಿಸಿ, "ನಾಲ್ಕು ವಾರದಿಂದ ನನ್ನ ತಲೆ ತಿಂದಿದ್ದು ಯಾವ ವಿಷಯಕ್ಕೆ ರೀ?" ಅಂದಳು.

ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು.

ಅಡುಗೆಮನೆಯ ನೆಲದ ಮೇಲೆ ಮೂವರೂ ಕೂತೆವು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೈಕನ್ನು ಫ್ರಿಜ್ಜಿನ ಬೆನ್ನಿಗೆ ಹಿಡಿದೆವು. ಹನ್ನೊಂದು ನಿಮಿಷ ಯಾರೂ ಅಲ್ಲಾಡಲಿಲ್ಲ. ನಡುವೆ ಅದು ಒಮ್ಮೆ ಗಡಗಡಿಸಿ ಮತ್ತೆ ಸಮವಾಯಿತು. ಮಗಳು ಅವಳಮ್ಮನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದ್ದಳು. ತೊಟ್ಟಿಲಿನಲ್ಲಿದ್ದಾಗ ಈ ಸದ್ದು ಬಂದರೇ ಅವಳಿಗೆ ನಿದ್ದೆ ಹತ್ತುತ್ತಿತ್ತು ಎಂದು ಇವಳು ಆಮೇಲೆ ಹೇಳಿದಳು. ನನಗೆ ಅದು ನೆನಪೇ ಇರಲಿಲ್ಲ.

ಮೇಡಂಗೆ ಫೋನಿನಲ್ಲೇ ಕೇಳಿಸಿದೆವು. ಒಂದು ನಿಮಿಷ ಕೇಳಿ, "ಕ್ಯಾಂಟೀನಿಂದಕ್ಕಿಂತ ಇದು ಒಳ್ಳೇದಿದೆ" ಅಂದರು.

ಮಾರ್ಚ್ 31, ಸೋಮವಾರ

ಹನ್ನೆರಡಕ್ಕೆ ಕರೆಂಟ್ ಹೋಯಿತು. ನಾನು ಒಂಬತ್ತನೇ ಕೋಣೆಯಲ್ಲಿದ್ದೆ. ಮೊದಲು ಲಿಫ್ಟು ನಿಂತಿತು, ಆಮೇಲೆ ದೀಪ, ಕೊನೆಗೆ ನೆಲದ ಕೆಳಗಿನ ಟ್ರಾನ್ಸ್‌ಫಾರ್ಮರ್. ಇಷ್ಟು ವರ್ಷ ನಾನು ಬಯಸಿದ ನಿಶ್ಶಬ್ದ ಅದೇ. ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಜರಡಿಯನ್ನು ಮನೆಗೆ ತಂದೆ. ಇವಳು ಅದರ ಮೇಲೆ ಒಂದು ಕುಂಡ ಇಟ್ಟಿದ್ದಾಳೆ.

ಏಪ್ರಿಲ್ 6, ಭಾನುವಾರ

ಮಗಳು ವಾರವೆಲ್ಲ ಕೂತು ಟಿಕ್ ಟಿಕ್ಕಿನ ಅಳತೆಗೆ ಸದ್ದುಗಳನ್ನು ಜೋಡಿಸಿದ್ದಳು. ಮಧ್ಯಾಹ್ನ ನಾಲ್ಕಕ್ಕೆ ಅವಳ ಹಾಲಿನಲ್ಲಿ "ಕಟ್ಟಡ" ಹಾಕಿದರು. ನಾನು ಆ ಹಾಲಿನೊಳಗೆ ಕಾಲಿಟ್ಟದ್ದು ಇದೇ ಮೊದಲು. ಇನ್ನೂರು ಜನರಿದ್ದರು, ಎಲ್ಲ ಮಗಳ ವಯಸ್ಸಿನವರು, ಅರ್ಧಕ್ಕರ್ಧ ಹರಿದ ಪ್ಯಾಂಟು. ಮೇಡಂಗೆ ಕಿವಿ ಮಂದವಾಗಿದೆ. ಸ್ಪೀಕರ್ ಪಕ್ಕ ಕುರ್ಚಿ ಹಾಕಿಸಿಕೊಂಡು ಅದರ ಮರದ ಮೇಲೆ ಅಂಗೈ ಇಟ್ಟು ಕೂತರು.

ಮೊದಲು ನಮ್ಮ ಫ್ರಿಜ್ಜು. ಆ ದೊಡ್ಡ ಹಾಲು ತುಂಬ ನಮ್ಮ ಅಡುಗೆಮನೆ. ಇವಳು ನನ್ನ ತೋಳು ಹಿಡಿದುಕೊಂಡಳು. ಅದರ ಮೇಲೆ ಟ್ರಾನ್ಸ್‌ಫಾರ್ಮರ್ ಬಂತು, ಲಿಫ್ಟು ಬಂತು, ಲೆಕ್ಕದ ವಿಭಾಗದ ಟ್ಯೂಬ್‌ಲೈಟು ಬಂತು. ಹುಡುಗರು ಅಲುಗಾಡದೆ ನಿಂತು ಕೇಳಿದರು.

ಏಳನೇ ನಿಮಿಷಕ್ಕೆ ಗುಂಯ್ ತುಂಡುತುಂಡಾಯಿತು. ಎರಡು ಗೇಣು, ನಾಲ್ಕು ಬೆರಳು, ಒಂದು ಗೇಣು. ಮೊದಲು ಒಬ್ಬಳು "ಹೋ" ಅಂದಳು. ಆಮೇಲೆ ಹಾಲಿಗೆ ಹಾಲೇ ಗುರುತು ಹಿಡಿಯಿತು. ಯಾರೂ ಹೇಳದೆ ಇನ್ನೂರು ಜನ ಒಟ್ಟಿಗೆ ಕುಣಿಯತೊಡಗಿದರು. ನೆಲ ಅದುರುತ್ತಿತ್ತು.

ಮೇಡಂ ನನ್ನ ತೋಳು ಎಳೆದು, "ಇವ್ರಿಗೆಲ್ಲ ಹೇಗೆ ಗೊತ್ತಯ್ಯಾ ಇದು?" ಎಂದು ಕೇಳಿದರು.

"ನಿಮ್ಮಿಂದಾನೇ ಮೇಡಂ. ಚಿಕ್ಕವರಿದ್ದಾಗಿಂದ ಕೇಳಿದಾರೆ. ಯಾರ್ದು ಅಂತ ಮಾತ್ರ ಇವತ್ತು ಗೊತ್ತಾಯ್ತು."

ಅವರು ಇನ್ನೊಂದು ಕೈಯನ್ನು ಸ್ಪೀಕರ್ ಮೇಲಿಂದ ತೆಗೆಯಲಿಲ್ಲ. ಕೊನೆಗೆ ಹಳದಿ ಒಂದೇ ಉಳಿದು ಅದೂ ನಿಂತಾಗ ಅವರ ಕೆನ್ನೆ ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಈ ಸಲ ಚಾವಣಿ ನೋಡಲಿಲ್ಲ.

ಆಮೇಲೆ ಮಗಳು ತನ್ನದೊಂದು ಹಾಡು ಹಾಕಿದಳು. ಎರಡು ವರ್ಷದ ಹಿಂದಿನದೇ, ನಾನು ಸೋಸದೆ ಇದ್ದದ್ದು. ಕೆಳಗಿನ ಗುಂಯ್ ಎದೆಗೆ ಬಂದು ತಾಗುತ್ತದೆ. ಚೆನ್ನಾಗಿದೆ ಎಂದು ಅವಳಿಗೆ ಹೇಳಿದೆ. "ಏನೂ ತೆಗೀಬೇಕು ಅನ್ಸಲ್ವಾ?" ಎಂದು ಕೇಳಿದಳು. ಇಲ್ಲ ಎಂದೆ.

ಏಪ್ರಿಲ್ 9, ಬುಧವಾರ

ರಿಪೇರಿಯವನು ಬಂದ. ಚೀಲ ಇಳಿಸಿ, ಫ್ರಿಜ್ಜಿಗೆ ಕಿವಿಯಿಟ್ಟು, "ಒಂದು ಸಣ್ಣ ರಬ್ಬರು ಹಾಕಿದ್ರೆ ಸಾಕು ಸಾರ್, ಒಂಚೂರೂ ಸದ್ದು ಬರಲ್ಲ" ಅಂದ. ಹತ್ತು ನಿಮಿಷದ ಕೆಲಸವಂತೆ.

ಚಹಾ ಕುಡಿಸಿ ಕಳಿಸಿದೆ. ಮನೆಯವರೆಗೆ ಬಂದದ್ದಕ್ಕೆ ಅವನ ಕೂಲಿಯನ್ನೂ ಕೊಟ್ಟೆ. ಬಾಗಿಲು ಹಾಕಿ ಬಂದರೆ ಇವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

ಹಳೆಯ ಸಾಮಾನು, ಬಿಚ್ಚಿದರೆ ಇನ್ನೇನಾದರೂ ಕೆಡಬಹುದು ಎಂದು ಹೇಳಿದೆ. ಆಮೇಲೆ ಪೇಪರ್ ತೆಗೆದುಕೊಂಡು ಅಡುಗೆಮನೆಯಲ್ಲೇ ಕೂತೆ, ಅಲ್ಲಿ ಬೆಳಕು ಚೆನ್ನಾಗಿದೆ.